ಗ್ಯಾರೇಜಿನ ಕಾಂಕ್ರೀಟು ನೆಲದ ಲೇಪನ

ಗ್ಯಾರೇಜಿನ ಕಾಂಕ್ರೀಟು ನೆಲದ ಲೇಪನ ಎಂದರೆ ವಾಹನ ನಿಲ್ಲಿಸುವ ಕೋಣೆಯ ಕಾಂಕ್ರೀಟು ನೆಲಕ್ಕೆ ಬಣ್ಣ, ರಾಳದ ಲೇಪ ಅಥವಾ ಸೀಲರ್ ದ್ರವವನ್ನು ಹಚ್ಚಿ, ಎಣ್ಣೆ, ನೀರು, ಲವಣ ಹಾಗೂ ಸವಕಳಿಯಿಂದ ಅದನ್ನು ರಕ್ಷಿಸುವ ವಿಧಾನ. ಕನ್ನಡದಲ್ಲಿ ಗ್ಯಾರೇಜು ಎಂಬ ಪದವು ಸಾಮಾನ್ಯವಾಗಿ ವಾಹನ ದುರಸ್ತಿಯ ಅಂಗಡಿಯನ್ನು ಸೂಚಿಸುತ್ತದೆ. ಈ ಲೇಖನದಲ್ಲಿ ಅದನ್ನು ಮನೆಗೆ ಸೇರಿದ, ವಾಹನ ನಿಲ್ಲಿಸುವ ಮುಚ್ಚಿದ ಕೋಣೆ ಎಂಬ ಅರ್ಥದಲ್ಲಿ ಬಳಸಲಾಗಿದೆ. ಇಂತಹ ಕೋಣೆಗಳು ಸಾಮಾನ್ಯವಾಗಿರುವ ಉತ್ತರ ಅಮೆರಿಕದಲ್ಲಿ ಈ ಪದ್ಧತಿಯು ವ್ಯಾಪಕವಾಗಿದ್ದು, ಅನೇಕ ಮನೆಯವರು ಈ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆ. ಲೇಪದ ಬಾಳಿಕೆಯು ಬಣ್ಣದ ಗುಣಮಟ್ಟಕ್ಕಿಂತ ಹೆಚ್ಚಾಗಿ ನೆಲದ ತೇವಾಂಶವನ್ನೂ ಮೇಲ್ಮೈಯ ಸಿದ್ಧತೆಯನ್ನೂ ಅವಲಂಬಿಸಿರುತ್ತದೆ.

ಲೇಪನದ ಅಗತ್ಯ

ಕಾಂಕ್ರೀಟು ನೋಡಲು ಘನವಾಗಿ ಕಂಡರೂ ಅದರೊಳಗೆ ಸೂಕ್ಷ್ಮ ರಂಧ್ರಗಳ ಜಾಲವಿರುತ್ತದೆ. ವಾಹನದಿಂದ ಸೋರುವ ಎಂಜಿನ್ ಎಣ್ಣೆ ಮತ್ತು ಬ್ರೇಕ್ ದ್ರವವನ್ನು ಈ ರಂಧ್ರಗಳು ಹೀರಿಕೊಳ್ಳುವುದರಿಂದ ತೆಗೆಯಲಾಗದ ಕಲೆಗಳು ಉಳಿಯುತ್ತವೆ. ಲೇಪವಿಲ್ಲದ ನೆಲವು ಸವೆಯುತ್ತಾ ನಿರಂತರವಾಗಿ ಧೂಳನ್ನು ಬಿಡುತ್ತದೆ.

ಶೀತ ಪ್ರದೇಶಗಳಲ್ಲಿ ಹಾನಿಯು ಇನ್ನೂ ತೀವ್ರ. ಹೆಪ್ಪುಗಟ್ಟುವಾಗ ನೀರಿನ ಗಾತ್ರವು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ರಂಧ್ರಗಳಲ್ಲಿ ತುಂಬಿದ ನೀರು ಹೀಗೆ ಪದೇ ಪದೇ ಹೆಪ್ಪುಗಟ್ಟಿ ಕರಗುವುದರಿಂದ ಮೇಲ್ಪದರವು ಚಕ್ಕೆಯಾಗಿ ಎದ್ದುಬರುತ್ತದೆ. ರಸ್ತೆಯ ಹಿಮ ಕರಗಿಸಲು ಎರಚಿದ ಲವಣವು ಚಕ್ರಗಳಿಗೆ ಅಂಟಿ ಗ್ಯಾರೇಜಿಗೆ ಬರುವುದರಿಂದ ಈ ಕ್ರಿಯೆಯು ಹೆಚ್ಚಾಗುತ್ತದೆ.

ತೇವಾಂಶ ಮತ್ತು ಅದರ ಪರೀಕ್ಷೆ

ಗ್ಯಾರೇಜಿನ ನೆಲವು ನೇರವಾಗಿ ಮಣ್ಣಿನ ಮೇಲೆ ಕುಳಿತಿರುತ್ತದೆ. ಮಣ್ಣಿನ ತೇವವು ಆವಿಯಾಗಿಯೂ ಲೋಮನಾಳಗಳ ಸೆಳೆತದಿಂದಲೂ ಮೇಲೇರುತ್ತದೆ. ಹೊಸ ಕಟ್ಟಡಗಳಲ್ಲಿ ಇದನ್ನು ತಡೆಯಲು ಕಾಂಕ್ರೀಟಿನ ಕೆಳಗೆ ಪಾಲಿಥೀನ್ ಹಾಳೆಯನ್ನು ಹಾಸಲಾಗುತ್ತದೆ; ಹಳೆಯ ಮನೆಗಳಲ್ಲಿ ಇದು ಇಲ್ಲದಿರುವುದುಂಟು. ಲೇಪವಿಲ್ಲದ ನೆಲದಿಂದ ಈ ತೇವವು ಕಣ್ಣಿಗೆ ಕಾಣದಂತೆ ಗಾಳಿಗೆ ಸೇರಿಹೋಗುತ್ತದೆ. ಆವಿಯನ್ನು ಬಿಡದ ಲೇಪವನ್ನು ಹಚ್ಚಿದಾಗ ಅದು ಲೇಪದ ಅಡಿಯಲ್ಲಿ ಸಂಗ್ರಹವಾಗಿ, ಲೇಪವನ್ನು ಗುಳ್ಳೆಯಂತೆ ಮೇಲಕ್ಕೆತ್ತುತ್ತದೆ. ತೇವದೊಂದಿಗೆ ಕರಗಿ ಬಂದ ಲವಣಗಳು ನೆಲದ ಮೇಲೆ ಬಿಳಿಯ ಹುಡಿಯಾಗಿ ಉಳಿಯುತ್ತವೆ. ಇಂತಹ ಹುಡಿಯು ಕಂಡುಬಂದರೆ ನೆಲದಲ್ಲಿ ತೇವದ ಚಲನೆ ಇದೆ ಎಂದು ತಿಳಿಯಬೇಕು.

ತೇವವನ್ನು ಅಳೆಯಲು ಅಮೆರಿಕದ ಎಎಸ್‌ಟಿಎಂ ಸಂಸ್ಥೆಯು ಹಲವು ಮಾನಕಗಳನ್ನು ರೂಪಿಸಿದೆ.

ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ (ಡಿ 4263): ಸುಮಾರು 45 ಸೆಂ.ಮೀ. ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಕನಿಷ್ಠ 16 ಗಂಟೆ ಬಿಡಲಾಗುತ್ತದೆ. ಹಾಳೆಯ ಒಳಮೈಯಲ್ಲಿ ಹನಿಗಳು ಕಂಡರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ತೇವವಿದೆ ಎಂದರ್ಥ. ಈ ಪರೀಕ್ಷೆಯು ತೇವದ ಪ್ರಮಾಣವನ್ನು ತಿಳಿಸುವುದಿಲ್ಲ.

ಕ್ಯಾಲ್ಸಿಯಂ ಕ್ಲೋರೈಡ್ ಪರೀಕ್ಷೆ (ಎಫ್ 1869): ಮುಚ್ಚಿದ ಗುಮ್ಮಟದಡಿ ಇಟ್ಟ ಕ್ಯಾಲ್ಸಿಯಂ ಕ್ಲೋರೈಡ್ 60ರಿಂದ 72 ಗಂಟೆಗಳಲ್ಲಿ ಹೀರಿದ ತೇವವನ್ನು ತೂಗಿ, ಆವಿ ಹೊರಬರುವ ದರವನ್ನು ಲೆಕ್ಕಹಾಕಲಾಗುತ್ತದೆ.

ಸಾಪೇಕ್ಷ ಆರ್ದ್ರತೆಯ ಪರೀಕ್ಷೆ (ಎಫ್ 2170): ನೆಲದಲ್ಲಿ ರಂಧ್ರ ಕೊರೆದು, ಒಳಗಿನ ಆರ್ದ್ರತೆಯನ್ನು ಸಂವೇದಕದಿಂದ ಅಳೆಯಲಾಗುತ್ತದೆ. ಮೇಲ್ಬದಿಯಿಂದ ಮಾತ್ರ ಒಣಗುವ ನೆಲದಲ್ಲಿ ಈ ರಂಧ್ರದ ಆಳವು ಕಾಂಕ್ರೀಟಿನ ದಪ್ಪದ ಶೇ. 40ರಷ್ಟಿರಬೇಕು.

ಹೊಸದಾಗಿ ಹಾಕಿದ ಕಾಂಕ್ರೀಟಿಗೆ ಲೇಪ ಹಚ್ಚುವ ಮೊದಲು ಸಾಮಾನ್ಯವಾಗಿ ಕನಿಷ್ಠ 28 ದಿನ ಕಾಯಲಾಗುತ್ತದೆ. ಈ ಅವಧಿ ಕಳೆದ ಮಾತ್ರಕ್ಕೆ ನೆಲವು ಒಣಗಿದೆ ಎಂದು ಭಾವಿಸಲಾಗದು. ಪರೀಕ್ಷೆಯು ಆಗಲೂ ಅಗತ್ಯ.

ಮೇಲ್ಮೈಯ ಸಿದ್ಧತೆ

ಮೊದಲಿಗೆ ಎಣ್ಣೆಯ ಜಿಡ್ಡನ್ನು ಕ್ಷಾರೀಯ ಮಾರ್ಜಕದಿಂದ ತೊಳೆದು ತೆಗೆಯಬೇಕು. ನೀರನ್ನು ಚಿಮುಕಿಸಿದಾಗ ನೆಲವು ಅದನ್ನು ಬೇಗ ಹೀರಿಕೊಂಡರೆ ರಂಧ್ರಗಳು ತೆರೆದಿವೆ ಎಂದು ತಿಳಿಯಬಹುದು. ನೀರು ಮಣಿಗಳಂತೆ ನಿಂತರೆ ಎಣ್ಣೆ ಅಥವಾ ಹಳೆಯ ಸೀಲರ್ ಉಳಿದಿದೆ ಎಂದರ್ಥ.

ಅನಂತರ ಮೇಲ್ಮೈಯನ್ನು ಒರಟುಗೊಳಿಸಲಾಗುತ್ತದೆ. ಇದಕ್ಕೆ ಎರಡು ವಿಧಾನಗಳು ಪ್ರಚಲಿತವಾಗಿವೆ. ಮೊದಲನೆಯದು ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಿಂದ ಮೇಲ್ಪದರವನ್ನು ಕೊರೆಯುವುದು. ಆಮ್ಲವು ಸಿಮೆಂಟಿನ ಅಂಶದೊಂದಿಗೆ ವರ್ತಿಸಿ ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಕ್ಲೋರೈಡನ್ನು ಉಂಟುಮಾಡುತ್ತದೆ. ಅಡುಗೆ ಸೋಡಾದ ದ್ರಾವಣದಿಂದ ಆಮ್ಲವನ್ನು ತಟಸ್ಥಗೊಳಿಸಿ, ಈ ಲವಣವನ್ನು ಹಲವು ಬಾರಿ ತೊಳೆಯಬೇಕು. ಉಳಿದ ಲವಣವು ತೇವವನ್ನು ಸೆಳೆದು ಲೇಪವನ್ನು ಕೆಡಿಸುತ್ತದೆ.

ಎರಡನೆಯದು ವಜ್ರದ ಹರಳುಗಳಿರುವ ಯಂತ್ರದಿಂದ ನೆಲವನ್ನು ಉಜ್ಜುವುದು. ಇದು ನೆಲವನ್ನು ನೆನೆಸುವುದಿಲ್ಲ. ದುರ್ಬಲ ಮೇಲ್ಪದರವನ್ನೂ ಹಳೆಯ ಬಣ್ಣವನ್ನೂ ಸಮನಾಗಿ ತೆಗೆಯುತ್ತದೆ. ಆದ್ದರಿಂದ ವೃತ್ತಿಪರರು ಹೆಚ್ಚಾಗಿ ಇದನ್ನೇ ಆಯ್ದುಕೊಳ್ಳುತ್ತಾರೆ. ಬಿರುಕು ಮತ್ತು ಕುಳಿಗಳನ್ನು ಲೇಪನಕ್ಕೆ ಮೊದಲೇ ತುಂಬಲಾಗುತ್ತದೆ. ಕಾಂಕ್ರೀಟಿನ ಹಿಗ್ಗು ಕುಗ್ಗುಗಳಿಗಾಗಿ ಬಿಟ್ಟ ಸಂದುಗಳಿಗೆ ಬಾಗುವ ಗುಣದ ಪದಾರ್ಥವನ್ನೇ ಬಳಸಬೇಕು.

ಲೇಪಗಳ ವಿಧಗಳು

ಒಳಹೊಕ್ಕುವ ಸೀಲರ್: ಸಿಲೇನ್ ಮತ್ತು ಸಿಲೋಕ್ಸೇನ್ ದ್ರವಗಳು ರಂಧ್ರಗಳ ಗೋಡೆಗೆ ಅಂಟಿ ನೀರನ್ನು ವಿಕರ್ಷಿಸುತ್ತವೆ. ಇವು ಮೇಲ್ಮೈಯಲ್ಲಿ ಪೊರೆಯನ್ನು ಉಂಟುಮಾಡದಿರುವುದರಿಂದ ಸುಲಿಯುವ ಪ್ರಶ್ನೆಯಿಲ್ಲ, ಒಳಗಿನ ಆವಿಯೂ ಹೊರಹೋಗುತ್ತದೆ. ನೆಲದ ನೋಟವು ಹೆಚ್ಚು ಬದಲಾಗುವುದಿಲ್ಲ. ತೇವವಿರುವ ನೆಲಕ್ಕೆ ಇವು ಸೂಕ್ತ.

ಗಟ್ಟಿಕಾರಕ: ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟು ಕಾಂಕ್ರೀಟಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನೊಂದಿಗೆ ವರ್ತಿಸಿ ಮೇಲ್ಪದರವನ್ನು ದೃಢಗೊಳಿಸುತ್ತದೆ, ಧೂಳು ಕಡಿಮೆಯಾಗುತ್ತದೆ.

ಆಕ್ರಿಲಿಕ್ ಬಣ್ಣ ಮತ್ತು ಸೀಲರ್: ಅಗ್ಗವಾಗಿದ್ದು ಹಚ್ಚಲು ಸುಲಭ, ಪೊರೆ ತೆಳುವಾಗಿರುವುದರಿಂದ ಬೇಗ ಸವೆಯುತ್ತದೆ.

ಎಣ್ಣೆ ಆಧಾರಿತ ಬಣ್ಣ: ಹೊಸ ಕಾಂಕ್ರೀಟಿನ ಪಿಎಚ್ ಮೌಲ್ಯವು 12ಕ್ಕಿಂತ ಹೆಚ್ಚಿರುತ್ತದೆ. ಈ ಕ್ಷಾರವು ತೇವದ ಜೊತೆಗೂಡಿ ಬಣ್ಣದ ಎಣ್ಣೆಯನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಆದ್ದರಿಂದ ಇಂತಹ ಬಣ್ಣವು ಕಾಂಕ್ರೀಟಿಗೆ ಯೋಗ್ಯವಲ್ಲ.

ಎಪಾಕ್ಸಿ: ಈ ರಾಳವನ್ನು 1930 ಮತ್ತು 1940ರ ದಶಕಗಳಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟನ್ ಹಾಗೂ ಅಮೆರಿಕದ ಸಿಲ್ವನ್ ಗ್ರೀನ್‌ಲೀ ಅಭಿವೃದ್ಧಿಪಡಿಸಿದರು. ರಾಳ ಮತ್ತು ಗಟ್ಟಿಕಾರಕ ಎಂಬ ಎರಡು ಭಾಗಗಳನ್ನು ಬೆರೆಸಿದಾಗ ರಾಸಾಯನಿಕ ಕ್ರಿಯೆಯಿಂದ ಇದು ಗಟ್ಟಿಯಾಗುತ್ತದೆ. ಅಂಟುವ ಶಕ್ತಿ ಮತ್ತು ಎಣ್ಣೆಯನ್ನು ತಡೆಯುವ ಗುಣ ಉತ್ತಮ. ಬಿಸಿಲಿಗೆ ಹಳದಿಯಾಗುವುದು ಇದರ ದೋಷ.

ಪಾಲಿಯುರೇಥೇನ್ ಮತ್ತು ಪಾಲಿಆಸ್ಪಾರ್ಟಿಕ್: ಬಿಸಿಲಿಗೆ ಹಳದಿಯಾಗದ ಬಗೆಗಳು ಲಭ್ಯವಿರುವುದರಿಂದ ಇವನ್ನು ಹೆಚ್ಚಾಗಿ ಎಪಾಕ್ಸಿಯ ಮೇಲಿನ ಕೊನೆಯ ಪದರವಾಗಿ ಬಳಸಲಾಗುತ್ತದೆ. ಪಾಲಿಆಸ್ಪಾರ್ಟಿಕ್ ಬಹಳ ಬೇಗ ಗಟ್ಟಿಯಾಗುತ್ತದೆ. ಹಾಗಾಗಿ ಹಚ್ಚಲು ದೊರೆಯುವ ಸಮಯವೂ ಕಡಿಮೆ.

ಹಚ್ಚುವ ವಿಧಾನ

ನೆಲದ ಉಷ್ಣತೆಯು ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ಸಾಮಾನ್ಯ ನಿಯಮ. ಇಲ್ಲವಾದರೆ ಗಾಳಿಯ ತೇವವು ನೆಲದ ಮೇಲೆ ಸಾಂದ್ರೀಕರಿಸಿ, ಲೇಪವು ಅಂಟಿಕೊಳ್ಳುವುದಿಲ್ಲ. ಎಪಾಕ್ಸಿಯ ಎರಡು ಭಾಗಗಳನ್ನು ತಯಾರಕರು ಸೂಚಿಸಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಬೆರೆಸಿದ ಮಿಶ್ರಣವು ಬಕೆಟ್ಟಿನಲ್ಲಿ ರಾಶಿಯಾಗಿದ್ದರೆ ಶಾಖವು ಹೆಚ್ಚಿ ಬೇಗ ಗಟ್ಟಿಯಾಗುವುದರಿಂದ, ಅದನ್ನು ಕೂಡಲೇ ನೆಲಕ್ಕೆ ಸುರಿದು ಹರಡಲಾಗುತ್ತದೆ. ಅಂಚುಗಳಿಗೆ ಬ್ರಷ್ ಬಳಸಿ, ಉಳಿದ ಭಾಗವನ್ನು ಒಳಗೋಡೆಯಿಂದ ಬಾಗಿಲಿನ ಕಡೆಗೆ ರೋಲರಿನಿಂದ ಹಚ್ಚಲಾಗುತ್ತದೆ. ಒದ್ದೆಯಾದಾಗ ನೆಲವು ಜಾರದಿರಲು ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸ್ಫಟಿಕದ ಮರಳನ್ನು ಸೇರಿಸಲಾಗುತ್ತದೆ. ಲೇಪವು ಕಾಲಿಗೆ ಒಣಗಿದಂತೆ ಕಂಡರೂ ವಾಹನದ ಭಾರಕ್ಕೆ ಸಿದ್ಧವಾಗಲು ಸಾಮಾನ್ಯವಾಗಿ ಇನ್ನೂ ಹಲವು ದಿನಗಳು ಬೇಕು.

ಸಾಮಾನ್ಯ ದೋಷಗಳು

ಬಿಸಿ ಚಕ್ರದಿಂದ ಕಿತ್ತುಬರುವುದು ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕಾಣುವ ದೋಷ. ಓಡಿ ಬಂದ ವಾಹನದ ಬಿಸಿ ಟೈರು ಲೇಪವನ್ನು ಮೃದುಗೊಳಿಸಿ, ತಣಿಯುವಾಗ ಕುಗ್ಗುತ್ತಾ ಅದನ್ನು ಸೆಳೆಯುತ್ತದೆ. ಅಂಟು ದುರ್ಬಲವಾಗಿದ್ದಲ್ಲಿ ಟೈರಿನ ಆಕಾರದಲ್ಲಿಯೇ ಲೇಪವು ಎದ್ದುಬರುತ್ತದೆ. ಸಿದ್ಧತೆಯಿಲ್ಲದೆ ಹಚ್ಚಿದ ತೆಳು ಬಣ್ಣಗಳಲ್ಲಿ ಇದು ಹೆಚ್ಚು. ತೇವ ಅಥವಾ ಚಳಿಯ ವಾತಾವರಣದಲ್ಲಿ ಎಪಾಕ್ಸಿಯ ಮೇಲೆ ಮೇಣದಂತಹ ಪೊರೆ ಮೂಡುವುದುಂಟು. ಅದನ್ನು ತೊಳೆಯದೆ ಮುಂದಿನ ಪದರ ಹಚ್ಚಿದರೆ ಎರಡು ಪದರಗಳು ಬೇರ್ಪಡುತ್ತವೆ. ಸುಲಿಯುತ್ತಿರುವ ಲೇಪದ ಮೇಲೆ ಹೊಸ ಲೇಪವನ್ನು ಹಚ್ಚುವುದರಿಂದ ಪ್ರಯೋಜನವಿಲ್ಲ. ಹಳೆಯದನ್ನು ಉಜ್ಜಿ ತೆಗೆಯಬೇಕಾಗುತ್ತದೆ.

ಸುರಕ್ಷತೆ

ಕಾಂಕ್ರೀಟನ್ನು ಉಜ್ಜುವಾಗ ಏಳುವ ಧೂಳಿನಲ್ಲಿ ಸ್ಫಟಿಕೀಯ ಸಿಲಿಕಾ ಇರುತ್ತದೆ. ಇದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಕಾರಣ, ಕ್ಯಾನ್ಸರ್‌ಕಾರಕವೆಂದೂ ವರ್ಗೀಕೃತವಾಗಿದೆ. ಆದ್ದರಿಂದ ಧೂಳು ಹೀರುವ ಯಂತ್ರ ಹಾಗೂ ಸೂಕ್ತ ಉಸಿರಾಟದ ಮುಖಕವಚ ಅಗತ್ಯ. ಆಮ್ಲವನ್ನು ಯಾವಾಗಲೂ ನೀರಿಗೆ ಸೇರಿಸಬೇಕು. ಆಮ್ಲಕ್ಕೆ ನೀರನ್ನು ಸುರಿದರೆ ಅದು ಸಿಡಿಯಬಹುದು. ಎಪಾಕ್ಸಿಯು ಚರ್ಮಕ್ಕೆ ಪದೇ ಪದೇ ತಗುಲಿದರೆ ಶಾಶ್ವತ ಅಲರ್ಜಿ ಉಂಟಾಗಬಹುದು. ಕೆಲವು ಸೀಲರ್‌ಗಳಲ್ಲಿನ ದ್ರಾವಕಗಳ ಆವಿಯು ಗಾಳಿಗಿಂತ ಭಾರವಾಗಿದ್ದು ನೆಲಮಟ್ಟದಲ್ಲಿ ಹರಡುತ್ತದೆ. ಉತ್ತರ ಅಮೆರಿಕದ ಅನೇಕ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಗ್ಯಾರೇಜಿನಲ್ಲಿಯೇ ಇರುವುದರಿಂದ, ಕೆಲಸಕ್ಕೆ ಮೊದಲು ಅದರ ಜ್ವಾಲೆಯನ್ನು ಆರಿಸಬೇಕು.

ಭಾರತದಲ್ಲಿ

ಭಾರತದ ಸ್ವತಂತ್ರ ಮನೆಗಳಲ್ಲಿ ವಾಹನ ನಿಲ್ಲಿಸುವ ಜಾಗಕ್ಕೆ ಟೈಲ್ಸ್ ಅಥವಾ ಕಲ್ಲುಹಾಸು ಹಾಕುವುದು ವಾಡಿಕೆ. ಬೆಂಗಳೂರಿನಂತಹ ನಗರಗಳಲ್ಲಿ ವಸತಿ ಮತ್ತು ವಾಣಿಜ್ಯ ಸಮುಚ್ಚಯಗಳ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಕಾಂಕ್ರೀಟು ನೆಲವು ಕಂಡುಬರುತ್ತದೆ. ಹೆಚ್ಚುವರಿ ನೀರನ್ನು ನಿರ್ವಾತದಿಂದ ಹೀರಿ ತೆಗೆದು ಹಾಕುವ ಇಂತಹ ನೆಲವನ್ನು ಕಟ್ಟಡ ಕೆಲಸದವರು ಟ್ರಿಮಿಕ್ಸ್ ಎನ್ನುತ್ತಾರೆ. ಕರ್ನಾಟಕದಲ್ಲಿ ಹಿಮ ಕರಗಿಸುವ ಲವಣದ ಸಮಸ್ಯೆಯಿಲ್ಲ, ತೇವದ ಸಮಸ್ಯೆಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ, ವಿಶೇಷವಾಗಿ ಕರಾವಳಿ ಮತ್ತು ಮಲೆನಾಡಿನಲ್ಲಿ, ಇಬ್ಬನಿ ಬಿಂದುವಿನ ನಿಯಮವನ್ನು ಪಾಲಿಸುವುದು ಕಷ್ಟವಾದ್ದರಿಂದ ಒಣ ಹವೆಯ ತಿಂಗಳುಗಳು ಈ ಕೆಲಸಕ್ಕೆ ಹೆಚ್ಚು ಅನುಕೂಲ.

ನಿರ್ವಹಣೆ

ಲೇಪಿತ ನೆಲದ ಮೇಲಿನ ಮರಳು ಮತ್ತು ಕಲ್ಲಿನ ಹುಡಿಯು ಉಜ್ಜುಕಾಗದದಂತೆ ವರ್ತಿಸುವುದರಿಂದ ಆಗಾಗ ಗುಡಿಸಬೇಕು. ಚೆಲ್ಲಿದ ಎಣ್ಣೆಯನ್ನು ಕೂಡಲೇ ಒರೆಸಿ, ಸೌಮ್ಯ ಮಾರ್ಜಕದಿಂದ ತೊಳೆದರೆ ಸಾಕಾಗುತ್ತದೆ. ಮೇಲಿನ ಪದರವು ಮಂಕಾದಾಗ, ಕೆಳಗಿನ ಪದರವು ಸವೆಯುವ ಮೊದಲೇ, ಲಘುವಾಗಿ ಉಜ್ಜಿ ಮತ್ತೊಂದು ಪದರ ಹಚ್ಚಿದರೆ ಲೇಪದ ಆಯುಷ್ಯ ಹೆಚ್ಚುತ್ತದೆ. ಒಳಹೊಕ್ಕುವ ಸೀಲರ್ ಬಳಸಿದ ನೆಲದಲ್ಲಿ ನೀರು ಮಣಿಗಟ್ಟದೆ ಇಂಗತೊಡಗಿದಾಗ ಅದನ್ನು ಮತ್ತೆ ಹಚ್ಚಲಾಗುತ್ತದೆ.