ಚಿತ್ರವು ಸಾಕ್ಷಿಯೋ, ಕಲ್ಪನೆಯೋ?

ಬಳ್ಳಾರಿ ನಗರವಾಗಲಿ, ಸಿರುಗುಪ್ಪ, ಕುರುಗೋಡುಗಳಾಗಲಿ, ಇಂದು ಫೋಟೋ ಸ್ಟುಡಿಯೋಗಳ ಕೆಲಸ ಗಣಕಯಂತ್ರವಿಲ್ಲದೆ ಸಾಗದು. ಮುಖದ ಕಲೆ ಮಾಯವಾಗುತ್ತದೆ, ಆಕಾಶದ ಬಣ್ಣ ಬದಲಾಗುತ್ತದೆ. ಎಂದೋ ತೀರಿಹೋದ ತಂದೆ ಮದುವೆಯ ಚಿತ್ರದಲ್ಲಿ ಮಗಳ ಪಕ್ಕದಲ್ಲೇ ನಿಂತಿರುತ್ತಾರೆ. ಇದು ಪ್ರೀತಿಯೋ, ಸುಳ್ಳೋ? ನಮ್ಮ ಕುಟುಂಬಗಳು ಯೋಚಿಸಬೇಕಾದ ಪ್ರಶ್ನೆಯಿದು.

ಛಾಯಾಚಿತ್ರಕ್ಕೆ ನಾವು ಸಲ್ಲಿಸುವ ಗೌರವ, ಕಣ್ಣಾರೆ ಕಂಡ ಸಾಕ್ಷಿಗೆ ಸಲ್ಲುವ ಗೌರವ. ನಮ್ಮ ನೆರೆಯ ಹಂಪೆಯನ್ನೇ ನೋಡೋಣ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಅಲ್ಲಿನ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಆ ಚಿತ್ರಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಅದಿಲ್ಲ. 1983ರಲ್ಲಿ ಜಾನ್ ಗೋಲಿಂಗ್ಸ್ ಅವೇ ನೋಟಗಳನ್ನು ಮತ್ತೆ ಚಿತ್ರಿಸಿದಾಗ, ಉಳಿದದ್ದೇನು, ಅಳಿದದ್ದೇನು ಎಂಬುದು ಕಣ್ಣಿಗೆ ಕಟ್ಟಿತು. ಹಳೆಯ ಚಿತ್ರದಲ್ಲಿ ಯಾರಾದರೂ ಕೈಯಾಡಿಸಿದ್ದರೆ ಈ ಹೋಲಿಕೆಗೆ ಅರ್ಥವೇ ಇರುತ್ತಿರಲಿಲ್ಲ.

ಹಾಗೆಂದು ಚಿತ್ರಗಳನ್ನು ಜೋಡಿಸುವ ಕಲೆ ಹೊಸದಲ್ಲ. ಮರುವರ್ಷವೇ, 1857ರಲ್ಲಿ, ಆಸ್ಕರ್ ರೇಲಾಂಡರ್ 30ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬೆಸೆದು ಬಾಳಿನ ಎರಡು ದಾರಿಗಳನ್ನು ತೋರುವ ನೀತಿಚಿತ್ರವೊಂದನ್ನು ರಚಿಸಿದರು. 1990ರಲ್ಲಿ ಬಂದ ಫೋಟೋಶಾಪ್ ಕತ್ತಲೆಕೋಣೆಯ ಆ ಶ್ರಮವನ್ನು ಹಗುರಗೊಳಿಸಿತು. ಈಗಂತೂ ಕ್ಯಾಮೆರಾವೇ ಬೇಡ. 2023ರ ಮಾರ್ಚಿನಲ್ಲಿ, ಜಗದ್ಗುರು ಫ್ರಾನ್ಸಿಸರು ಬಿಳಿಯ ಉಬ್ಬು ಕೋಟು ತೊಟ್ಟ ಚಿತ್ರವನ್ನು ಲೋಕವೆಲ್ಲ ನೋಡಿತು, ಅನೇಕರು ನಂಬಿದರು. ಅದು ಕೃತಕ ಬುದ್ಧಿಮತ್ತೆಯ ಸೃಷ್ಟಿಯಾಗಿತ್ತು. ತಾವೂ ಇಂತಹ ಚಿತ್ರಗಳಿಗೆ ಗುರಿಯಾದುದನ್ನು ಅವರು 2024ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಸ್ಮರಿಸಿದರು.

ಮೋಸಗೊಳಿಸುವ ಸಂಕಲ್ಪವೇ ಸುಳ್ಳಿನ ತಿರುಳೆಂದು ಸಂತ ಅಗಸ್ಟೀನರು ವಿವೇಚಿಸಿದ್ದಾರೆ. ಆದ್ದರಿಂದ ಕಲಾವಿದನು ಬರೆದ ದೇವದೂತನ ರೆಕ್ಕೆ ಸುಳ್ಳಲ್ಲ; ಅಗಲಿದ ತಂದೆಯನ್ನು ಬಯಸುವ ಮಗಳ ಚಿತ್ರವೂ ಸುಳ್ಳಲ್ಲ, ಏಕೆಂದರೆ ಮನೆಯವರೆಲ್ಲರೂ ನಿಜವನ್ನು ಬಲ್ಲರು. ಆದರೆ 50 ವರ್ಷ ಕಳೆದು, ಬಲ್ಲವರೆಲ್ಲರೂ ಕಣ್ಮರೆಯಾದ ಮೇಲೆ? ಮೊಮ್ಮಗನ ಕೈಯಲ್ಲಿ ಅದೇ ಚಿತ್ರ, ಯಾರ ದುರುದ್ದೇಶವೂ ಇಲ್ಲದೆ, ಸುಳ್ಳು ಸಾಕ್ಷಿಯಾಗಿ ನಿಲ್ಲುತ್ತದೆ. ತಾತ ಆ ಮದುವೆಗೆ ಬಂದಿದ್ದರೆಂದೇ ಅವನು ನಂಬುತ್ತಾನೆ; ತಂದೆಯಿಲ್ಲದೆ ಮದುವೆ ನಡೆಸಿದ ಅಜ್ಜಿಯ ಧೈರ್ಯ ಅವನಿಗೆ ತಿಳಿಯದೇ ಹೋಗುತ್ತದೆ.

ಪರಿಹಾರ ಸರಳ. ತಿದ್ದದ ಮೂಲಚಿತ್ರವನ್ನೂ ಜೋಪಾನವಾಗಿಡೋಣ. ತಿದ್ದಿದ ಚಿತ್ರದ ಹಿಂಬದಿಯಲ್ಲಿ, "ತಂದೆಯವರ ಚಿತ್ರವನ್ನು ಅನಂತರ ಸೇರಿಸಲಾಗಿದೆ" ಎಂದು ದಿನಾಂಕದೊಡನೆ ಬರೆಯೋಣ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ, ಇದನ್ನು ಯಾರು, ಎಲ್ಲಿ, ಎಂದು ತೆಗೆದರೆಂದು ಕೇಳೋಣ. ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆ ನಾಲಿಗೆಗೆ ಮಾತ್ರವಲ್ಲ, ಬೆರಳಿಗೂ ಅನ್ವಯಿಸುತ್ತದೆ.