ಹತ್ತು ಸಾವಿರ ಟನ್ ಹಾಲಿನ ಪುಡಿ, ಒಂದು ಕಟ್ಟು ಕಾಗದ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ‘ಕ್ಷೀರಭಾಗ್ಯ’ ಯೋಜನೆ ಆರಂಭವಾದದ್ದು 2013ರ ಆಗಸ್ಟ್ 1ರಂದು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ. ಬಿಸಿನೀರಿನಲ್ಲಿ ಕದಡಿದರೆ 150 ಮಿಲಿಲೀಟರ್ ಹಾಲು. ಆ ಪುಡಿ ನಮ್ಮದೇ ಹಳ್ಳಿಗಳ ಡೇರಿಗಳಿಗೆ ರೈತರು ಹಾಕಿದ ಹಾಲಿನಿಂದ ಆದದ್ದು. ಹಾಲಿನ ಪುಡಿ ನ್ಯೂಜಿಲೆಂಡಿನಲ್ಲೂ ಅಮೆರಿಕದಲ್ಲೂ ಹೇರಳವಾಗಿದೆ. ಅದು ಹಡಗೇರಿ ನಮ್ಮ ಬಂದರಿಗೆ ಬರಬಾರದೇ? ಬರಬಹುದು. ಆದರೆ ಎಷ್ಟು ಬರಬೇಕು, ಯಾರು ತರಬೇಕು, ಯಾವ ಬಾಗಿಲಲ್ಲಿ ಯಾವ ಕಾಗದ ತೋರಿಸಬೇಕು ಎಂಬುದಕ್ಕೆಲ್ಲ ಲೆಕ್ಕವಿದೆ. ಪಠ್ಯಪುಸ್ತಕದಲ್ಲಿ ‘ಸುಂಕ’, ‘ಕೋಟಾ’, ‘ಪರವಾನಗಿ’ ಎಂದು ಮೂರು ಸಾಲಿನಲ್ಲಿ ಮುಗಿದುಹೋಗುವ ಈ ವಿಷಯ, ಎರಡು ಹಸು ಕಟ್ಟಿಕೊಂಡು ಮಕ್ಕಳನ್ನು ಓದಿಸುತ್ತಿರುವ ಮನೆಗಳ ಆದಾಯಕ್ಕೆ ನೇರವಾಗಿ ತಗಲುವಂಥದ್ದು.

ಏರಿ ಮತ್ತು ತೂಬು

ಊರ ಕೆರೆಯನ್ನು ನೆನಪು ಮಾಡಿಕೊಳ್ಳಿ. ನೀರನ್ನು ತಡೆದು ನಿಲ್ಲಿಸಲು ಏರಿ, ಬೇಕಾದಷ್ಟೇ ನೀರು ಬಿಡಲು ತೂಬು. ಹಾಲಿನ ಪುಡಿಯ ಆಮದಿಗೆ ಭಾರತ ಮಾಡಿಕೊಂಡಿರುವ ಏರ್ಪಾಡೂ ಇಂಥದ್ದೇ. 2000ದಲ್ಲಿ ಬಂದ ಈ ವ್ಯವಸ್ಥೆಯ ಪ್ರಕಾರ ಒಂದು ಆರ್ಥಿಕ ವರ್ಷದಲ್ಲಿ 10,000 ಟನ್ ಪುಡಿಯನ್ನು ಶೇ 15ರ ಕಡಿಮೆ ಸುಂಕದಲ್ಲಿ ತರಬಹುದು. ಅದನ್ನು ಮೀರಿದ್ದಕ್ಕೆ ಶೇ 60ರ ಸುಂಕ. ಶೇ 60 ಎಂಬುದು ಏರಿ, 10,000 ಟನ್ ಎಂಬುದು ತೂಬು. ಇದಕ್ಕೆ ‘ಸುಂಕ ದರ ಕೋಟಾ’ ಎಂದು ಹೆಸರು. ಇದು ಸಂಪೂರ್ಣ ನಿಷೇಧವಲ್ಲ, ಬಾಗಿಲು ತೆರೆದು ಕುಳಿತ ಮುಕ್ತ ವ್ಯಾಪಾರವೂ ಅಲ್ಲ. ಎರಡರ ನಡುವಿನ ರಾಜಿ.

ಹಳೆಯ ಸೊನ್ನೆ

ಈ ರಾಜಿಯ ಹಿಂದೆ ಒಂದು ಸೊನ್ನೆಯ ಕಥೆ ಇದೆ. ಗ್ಯಾಟ್ ಒಪ್ಪಂದದ ಹಳೆಯ ಕಾಲದಲ್ಲಿ, ದೇಶದಲ್ಲಿ ಹಾಲಿಗೆ ಬರವಿದ್ದಾಗ, ಕೆನೆ ತೆಗೆದ ಹಾಲಿನ ಪುಡಿಗೆ ಸುಂಕ ಹಾಕುವುದಿಲ್ಲ ಎಂದು ಭಾರತ ಮಾತು ಕೊಟ್ಟಿತ್ತು. ಆಗ ಅದರಿಂದ ತೊಂದರೆಯೇನೂ ಆಗಲಿಲ್ಲ. ಸುಂಕ ಸೊನ್ನೆಯಾದರೇನು, ಸರ್ಕಾರದ ಪರವಾನಗಿ ಇಲ್ಲದೆ ಯಾರೂ ತರುವಂತಿರಲಿಲ್ಲ.

1970ರಲ್ಲಿ ‘ಆಪರೇಷನ್ ಫ್ಲಡ್’ ಶುರುವಾದಾಗ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ದಾನವಾಗಿ ಬಂದ 1,26,000 ಟನ್ ಹಾಲಿನ ಪುಡಿ ಮತ್ತು 42,000 ಟನ್ ಬೆಣ್ಣೆ ಎಣ್ಣೆಯೂ ಒಂದೇ ಬಾಗಿಲಿನಿಂದ ಒಳಗೆ ಬಂತು. ಅದಕ್ಕೆಂದೇ ಭಾರತೀಯ ಡೇರಿ ನಿಗಮ ಹುಟ್ಟಿತು. ದಾನದ ಪುಡಿಯನ್ನು ಅಗ್ಗವಾಗಿ ಹಂಚಿಬಿಟ್ಟರೆ ಹಳ್ಳಿಯ ಹಾಲಿಗೆ ಬೆಲೆ ಇರುವುದಿಲ್ಲ ಎಂಬುದು ವರ್ಗೀಸ್ ಕುರಿಯನ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪುಡಿಯಿಂದ ಹಾಲು ಮಾಡಿ ಮಹಾನಗರಗಳಲ್ಲಿ ಮಾರಿ, ಬಂದ ಹಣವನ್ನು ಸಹಕಾರ ಸಂಘಗಳನ್ನು ಕಟ್ಟಲು ಬಳಸಲಾಯಿತು.

1990ರ ದಶಕದಲ್ಲಿ ಗಾಳಿ ಬೇರೆ ದಿಕ್ಕಿನಿಂದ ಬೀಸಿತು. ಭಾರತದ ಪರವಾನಗಿ ನಿರ್ಬಂಧಗಳು ನಿಯಮಬಾಹಿರವೆಂದು ಅಮೆರಿಕ 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 1999ರಲ್ಲಿ ಭಾರತ ಸೋತಿತು. 2001ರ ಏಪ್ರಿಲ್ 1ರ ವೇಳೆಗೆ ಆ ನಿರ್ಬಂಧಗಳನ್ನು ತೆಗೆಯಬೇಕಾಯಿತು. ಆಗ ಹಳೆಯ ಸೊನ್ನೆ ಭೂತದಂತೆ ಎದ್ದು ನಿಂತಿತು: ಪರವಾನಗಿಯೂ ಇಲ್ಲ, ಸುಂಕವೂ ಇಲ್ಲ ಎಂದಾದರೆ ತಡೆಯುವವರು ಯಾರು? ಹೀಗಾಗಿ ಗ್ಯಾಟ್‌ನ 28ನೇ ವಿಧಿಯ ಅಡಿಯಲ್ಲಿ ಮತ್ತೆ ಮಾತುಕತೆ ನಡೆಸಿ, ಸೊನ್ನೆಯನ್ನು 60ಕ್ಕೆ ಏರಿಸಿಕೊಂಡು, ಬದಲಿಗೆ 10,000 ಟನ್‌ನ ತೂಬನ್ನು ಬಿಟ್ಟುಕೊಡಲಾಯಿತು. ಒಮ್ಮೆ ಬರೆದುಕೊಟ್ಟ ಒಂದು ಅಂಕಿಯನ್ನು ತಿದ್ದಲು ಎಷ್ಟು ಬೆಲೆ ತೆರಬೇಕೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಚೀಟಿಯ ಬೆಲೆ

ಈಗ ಒಂದು ಸಣ್ಣ ಲೆಕ್ಕ. ಹೊರದೇಶದ ಪುಡಿ ಬಂದರಿಗೆ ಬಂದಾಗ ಕಿಲೋಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಉಳಿದ ತೆರಿಗೆಗಳನ್ನು ಬದಿಗಿಡೋಣ. ಕೋಟಾದ ಒಳಗೆ ತಂದರೆ ಸುಂಕ 30 ರೂಪಾಯಿ, ಒಟ್ಟು 230. ಹೊರಗೆ ತಂದರೆ ಸುಂಕ 120, ಒಟ್ಟು 320. ವ್ಯತ್ಯಾಸ 90 ರೂಪಾಯಿ. 10,000 ಟನ್ ಎಂದರೆ ಒಂದು ಕೋಟಿ ಕಿಲೋ. ಅಂದರೆ ಕೋಟಾ ಹಂಚುವ ಆ ಕಾಗದಗಳ ಬೆಲೆ 90 ಕೋಟಿ ರೂಪಾಯಿ! ಪುಡಿ ಅದೇ, ಹಡಗು ಅದೇ. ಕೈಯಲ್ಲಿ ಚೀಟಿ ಇದ್ದವನಿಗೆ ಲಾಭ.

ಅದಕ್ಕಾಗಿಯೇ ಚೀಟಿಯನ್ನು ಯಾರಿಗೆ ಕೊಡಬೇಕೆಂಬುದು ದೊಡ್ಡ ಪ್ರಶ್ನೆ. ಭಾರತವು ಹಾಲಿನ ಪುಡಿಯ ಕೋಟಾಕ್ಕೆ ಅರ್ಜಿ ಹಾಕುವ ಅರ್ಹತೆಯನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ, ಡೇರಿ ಸಹಕಾರ ಒಕ್ಕೂಟ, ನಾಫೆಡ್, ಸರ್ಕಾರಿ ವ್ಯಾಪಾರ ನಿಗಮ ಮುಂತಾದ ಕೆಲವೇ ಸಂಸ್ಥೆಗಳಿಗೆ ಮೀಸಲಿಟ್ಟಿತು. ಅಮೆರಿಕ ಬೇರೆ ದಾರಿ ಹಿಡಿದಿದೆ. ಅಲ್ಲಿನ ಕೃಷಿ ಇಲಾಖೆ ಚೀಸ್, ಬೆಣ್ಣೆಗಳ ಆಮದಿಗೆ ಮೂರು ಬಗೆಯ ಪರವಾನಗಿ ಕೊಡುತ್ತದೆ: ಹಿಂದಿನಿಂದ ತರುತ್ತಿರುವವರಿಗೆ ಒಂದು, ರಫ್ತು ಮಾಡುವ ದೇಶದ ಸರ್ಕಾರ ಸೂಚಿಸಿದವರಿಗೆ ಇನ್ನೊಂದು, ಹೊಸಬರಿಗೆ ಲಾಟರಿ ಎತ್ತಿ ಮತ್ತೊಂದು. ಹಳಬರಾಗಲಿ ಹೊಸಬರಾಗಲಿ, ಪಡೆದ ಪ್ರಮಾಣದಲ್ಲಿ ಕನಿಷ್ಠ ಶೇ 85ರಷ್ಟನ್ನು ತರದೆ, ಉಳಿದದ್ದನ್ನು ಹಿಂದಿರುಗಿಸದೆ ಸುಮ್ಮನಿದ್ದರೆ ಮುಂದಿನ ವರ್ಷದ ಪರವಾನಗಿಗೆ ಕುತ್ತು.

ಒಂದೊಂದು ಬಾಗಿಲಿಗೆ ಒಂದೊಂದು ಕಾಗದ

ಕೋಟಾ ಸಿಕ್ಕಿತು ಎಂದ ಮಾತ್ರಕ್ಕೆ ಪುಡಿ ಗೋದಾಮು ಸೇರುವುದಿಲ್ಲ. ಮೊದಲಿಗೆ ಆಮದು ಮಾಡುವವರಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಹತ್ತು ಅಕ್ಷರಗಳ ಸಂಕೇತ ಸಂಖ್ಯೆ ಇರಬೇಕು. ಬೆಂಗಳೂರಿನಲ್ಲಿ ಅದರ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಕೋಟಾದ ಅರ್ಜಿ ಪರಿಶೀಲಿಸಿ ಹಂಚಿಕೆ ಮಾಡುವುದೂ ಇದೇ ನಿರ್ದೇಶನಾಲಯ.

ಎರಡನೆಯದು ಸರಕಿನ ಸಂಕೇತ. ಹಾಲು, ಕೆನೆಗೆ 0401, ಪುಡಿ ಮಾಡಿದ್ದಕ್ಕೆ 0402, ಬೆಣ್ಣೆಗೆ 0405, ಚೀಸ್‌ಗೆ 0406. ಭಾರತದಲ್ಲಿ ಪೂರ್ಣ ಸಂಕೇತ ಎಂಟು ಅಂಕಿಗಳದ್ದು, ಅದರಲ್ಲಿ ಮೊದಲ ಆರು ಜಗತ್ತಿಗೆಲ್ಲ ಒಂದೇ. ಪುಡಿಯಲ್ಲಿ ಕೊಬ್ಬು ಶೇ 1.5ಕ್ಕಿಂತ ಹೆಚ್ಚಾದರೆ ಸಂಕೇತವೇ ಬದಲಾಗುತ್ತದೆ. ಒಂದು ಅಂಕಿ ತಪ್ಪಿದರೆ ಸುಂಕದ ಲೆಕ್ಕ ತಪ್ಪಿದಂತೆಯೇ.

ಮೂರನೆಯದು ನೈರ್ಮಲ್ಯ ಆಮದು ಅನುಮತಿ. ಇದನ್ನು ಕೊಡುವುದು ಕೇಂದ್ರದ ಪಶುಸಂಗೋಪನಾ ಇಲಾಖೆ. ಆಧಾರ 1898ರ ಜಾನುವಾರು ಆಮದು ಕಾಯ್ದೆ. ಕಳುಹಿಸುವ ದೇಶದ ಪಶುವೈದ್ಯ ಅಧಿಕಾರಿ ಆರೋಗ್ಯ ಪ್ರಮಾಣಪತ್ರ ಕೊಡಬೇಕು. ಹಾಲು ಕೊಟ್ಟ ಹಸುಗಳಿಗೆ ದನ, ಕುರಿಗಳ ಅಂಗಾಂಶ ಬೆರೆತ ಮೇವು ತಿನ್ನಿಸಿಲ್ಲ ಎಂಬ ಒಕ್ಕಣೆ ಅದರಲ್ಲಿರಬೇಕು. ಇದು ನಮ್ಮ ಜನರ ಧಾರ್ಮಿಕ ಭಾವನೆಯ ಪ್ರಶ್ನೆ ಎಂದು ಭಾರತ. ವ್ಯಾಪಾರಕ್ಕೆ ಅಡ್ಡಿ ಎಂದು ಅಮೆರಿಕ. ಅಮೆರಿಕದ ಡೇರಿ ಉದ್ಯಮ ಕೊಟ್ಟ ಈ ದೂರೂ ಸೇರಿ, 2019ರ ಜೂನ್ 5ರಿಂದ ಭಾರತದ ಸರಕುಗಳಿಗಿದ್ದ ಸುಂಕ ರಿಯಾಯಿತಿಯನ್ನು ಆ ದೇಶ ಹಿಂತೆಗೆದುಕೊಂಡಿತು. ಪ್ರಮಾಣಪತ್ರದ ಒಂದು ವಾಕ್ಯಕ್ಕೆ ಇಷ್ಟು ತೂಕ!

ಕೊನೆಯದು ಬಂದರಿನ ಬಾಗಿಲು. ಕಸ್ಟಮ್ಸ್‌ಗೆ ‘ಬಿಲ್ ಆಫ್ ಎಂಟ್ರಿ’ ಸಲ್ಲಿಸಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದವರು ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಇದನ್ನು ಸುಮ್ಮನೆ ಕಿರಿಕಿರಿ ಎನ್ನುವಂತಿಲ್ಲ. 2008ರಲ್ಲಿ ಚೀನಾದಲ್ಲಿ ಮೆಲಮಿನ್ ಬೆರೆಸಿದ ಹಾಲಿನ ಪುಡಿಯಿಂದ ಆರು ಹಸುಗೂಸುಗಳು ಸತ್ತವು, ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಭಾರತ ಆ ಸೆಪ್ಟೆಂಬರ್‌ನಲ್ಲೇ ಚೀನಾದ ಹಾಲು ಉತ್ಪನ್ನಗಳನ್ನು ನಿಷೇಧಿಸಿತು. ಮಕ್ಕಳ ಬಾಟಲಿಗೂ ಬಂದರಿನ ಕಾಗದಕ್ಕೂ ಇರುವ ನಂಟು ಇದು.

ನಾಲ್ಕು ಗಂಟೆಯ ಹಾಲು

ಒಂದು ಕಿಲೋ ಪುಡಿಗೆ ಕೆನೆ ತೆಗೆದ ಹಾಲು ಸುಮಾರು 11 ಲೀಟರ್ ಬೇಕು. 10,000 ಟನ್‌ಗೆ 11 ಕೋಟಿ ಲೀಟರ್. ಭಾರತದ ಹಾಲಿನ ಉತ್ಪಾದನೆ 2023-24ರಲ್ಲಿ 23.9 ಕೋಟಿ ಟನ್, ಎಂದರೆ ದಿನಕ್ಕೆ ಸುಮಾರು 65 ಕೋಟಿ ಕಿಲೋ. ಆ ಲೆಕ್ಕದಲ್ಲಿ ಇಡೀ ಕೋಟಾ ದೇಶದ ನಾಲ್ಕು ಗಂಟೆಯ ಹಾಲು. ಇಷ್ಟಕ್ಕೇ ರೈತರು ಏಕೆ ಹೆದರಬೇಕು?

ಉತ್ತರ 2020ರಲ್ಲಿದೆ. ಆ ವರ್ಷ ಲಾಕ್‌ಡೌನ್‌ನಿಂದ ಹೋಟೆಲು, ಮದುವೆಮನೆಗಳು ಮುಚ್ಚಿದವು. ಉಳಿದ ಹಾಲನ್ನು ಒಕ್ಕೂಟಗಳು ಪುಡಿ ಮಾಡಿ ಗೋದಾಮಿನಲ್ಲಿ ತುಂಬಿದವು. ಅಂಥ ಹೊತ್ತಿನಲ್ಲಿ, ಜೂನ್ 23ರಂದು, ಶೇ 15ರ ಸುಂಕದಲ್ಲಿ 10,000 ಟನ್ ಪುಡಿ ತರಲು ಅವಕಾಶ ನೀಡುವ ಅಧಿಸೂಚನೆ ಹೊರಬಿತ್ತು. ಮಹಾರಾಷ್ಟ್ರದಲ್ಲಿ ಹಾಲು ಉತ್ಪಾದಕರು ಬೀದಿಗಿಳಿದರು. ಗೋದಾಮು ತುಂಬಿರುವಾಗ ಬರುವ ಸ್ವಲ್ಪ ಪುಡಿಯೂ, ಬರುತ್ತದೆಂಬ ಸುದ್ದಿಯೂ ಬೆಲೆಯನ್ನು ಇಳಿಸಬಲ್ಲದು. ಪುಡಿಯ ಬೆಲೆ ಇಳಿದರೆ ಡೇರಿಯಲ್ಲಿ ಕೊಡುವ ಲೀಟರಿನ ಬೆಲೆಗೂ ಕತ್ತರಿ ಬೀಳುವ ಭಯ.

ಇದರ ಇನ್ನೊಂದು ಮುಖವೂ ಉಂಟು. 2011ರ ಫೆಬ್ರುವರಿಯಲ್ಲಿ ಹಾಲು ಸಾಲದೆ ಬೆಲೆ ಏರಿದಾಗ ಸರ್ಕಾರ ಹಾಲಿನ ಪುಡಿಯ ರಫ್ತನ್ನೇ ನಿಲ್ಲಿಸಿತು. 2012ರಲ್ಲಿ ಮತ್ತೆ ಬಿಟ್ಟಿತು. ಅಂಥ ವರ್ಷಗಳಲ್ಲಿ ಪಟ್ಟಣದ ತಾಯಂದಿರಿಗೆ ತೂಬು ತೆರೆಯುವುದೇ ನ್ಯಾಯವಾಗಿ ಕಾಣುತ್ತದೆ. ತೂಬು ಇರುವುದು ತಪ್ಪಲ್ಲ. ಯಾವಾಗ ತೆರೆಯಬೇಕೆಂಬ ವಿವೇಕ ಮುಖ್ಯ.

ಭಾರತ 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಆರ್‌ಸಿಇಪಿ ಒಪ್ಪಂದದಿಂದ ಹಿಂದೆ ಸರಿದಾಗ ಹಾಲು ಉತ್ಪಾದಕರ ಆತಂಕ ಒಂದು ದೊಡ್ಡ ಕಾರಣವಾಗಿತ್ತು. 2022ರಲ್ಲಿ ಆಸ್ಟ್ರೇಲಿಯಾದೊಡನೆ ಸಹಿ ಹಾಕಿದಾಗ ಹಾಲು ಉತ್ಪನ್ನಗಳನ್ನು ಹೊರಗಿಡಲಾಯಿತು. ಇಂಥ ಸುದ್ದಿಗಳು ಇನ್ನೂ ಬರುತ್ತಿರುತ್ತವೆ. ವಿದ್ಯಾರ್ಥಿಗಳು ಆಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ: ಕೋಟಾ ಎಷ್ಟು? ಅದರೊಳಗೆ ಸುಂಕ ಎಷ್ಟು? ಹೊರಗೆ ಎಷ್ಟು? ಚೀಟಿ ಯಾರ ಕೈಗೆ? ಭಾಷಣಗಳಲ್ಲಿ ಸಿಗದ ಉತ್ತರ ಈ ನಾಲ್ಕರಲ್ಲಿ ಸಿಗುತ್ತದೆ.