ಗಾಜಲ್ಲದ ಗಾಜು

ಹೊಸೂರಿನಿಂದ ಮತ್ತಿಗಿರಿ ದಾಟಿ ತಳಿ ರಸ್ತೆ ಹಿಡಿದರೆ ಬೆಳಗೊಂಡಪಲ್ಲಿ. ಹೊಲಗಳ ಮಗ್ಗುಲಲ್ಲೇ ಎರಡು ಕಿಲೋಮೀಟರಿಗೂ ಉದ್ದದ ರನ್‌ವೇ ಮಲಗಿದೆ. ಕನ್ನಡ, ತೆಲುಗು, ತಮಿಳು ಒಂದೇ ಟೀ ಅಂಗಡಿಯಲ್ಲಿ ಕೇಳಿಸುವ ಈ ಗಡಿಯಲ್ಲಿ ವಿಮಾನಗಳು ತಯಾರಾಗಿವೆ ಎಂದರೆ ಬೆಂಗಳೂರಿನವರೇ ಹುಬ್ಬೇರಿಸುತ್ತಾರೆ. ತನೇಜಾ ಏರೋಸ್ಪೇಸ್ ಕಂಪನಿ 1990ರ ದಶಕದಲ್ಲಿ ಇಟಲಿಯ ಪಾರ್ಟೆನಾವಿಯಾ ಜೊತೆಗೂಡಿ ಆರು ಸೀಟಿನ, ಎರಡು ಎಂಜಿನ್ನಿನ ಪಿ-68ಸಿ ವಿಮಾನ ಕಟ್ಟಿದ್ದು ಇಲ್ಲಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ, 1993ರಲ್ಲಿ ಮೊದಲು ಹಾರಿದ ಎರಡು ಸೀಟಿನ ಹಂಸ ಕೂಡ ಇದೇ ಕಂಪನಿಯ ಕೈಯಲ್ಲಿ ತಯಾರಾಯಿತು.

ಇಂಥ ಪುಟ್ಟ ವಿಮಾನಗಳಲ್ಲಿ ಎಂಜಿನ್ನಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪಕ್ಕದ ಕಿಟಕಿಯನ್ನು ಕೇಳುವವರಿಲ್ಲ. ಗಾಜು ಎನ್ನುತ್ತೇವೆ, ಅದು ಆಕ್ರಿಲಿಕ್. ಹಗುರ, ಬೇಕಾದಂತೆ ಬಾಗುತ್ತದೆ. ಆದರೆ ಗೀರು ಬೇಗ ಬೀಳುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದ ಮೇಲೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ನಡುಹಗಲಲ್ಲಿ ಅವು ಕಾಣುವುದೇ ಇಲ್ಲ. ಸಂಜೆ ಸೂರ್ಯ ಎದುರಾದಾಗ ಇಡೀ ಕಿಟಕಿ ಬೆಳ್ಳಗೆ ಹೊಳೆದು ಹೊರಗಿನದು ಮಸುಕಾಗುತ್ತದೆ. ಆಗ ಬದಲಿಸಲೇಬೇಕು.

ಹಳೆಯದನ್ನು ಮುರಿಯದಂತೆ ಬಿಚ್ಚುವುದು ಮೊದಲ ಕೆಲಸ, ಏಕೆಂದರೆ ಹೊಸದಕ್ಕೆ ಅದೇ ಅಳತೆ. ಹೊಸ ಆಕ್ರಿಲಿಕ್ ಹಾಳೆಯ ಮೇಲಿನ ರಕ್ಷಣಾ ಕಾಗದವನ್ನು ಕೀಳದೆ ಅಂಚನ್ನು ಸ್ವಲ್ಪ ಸ್ವಲ್ಪವೇ ಉಜ್ಜುತ್ತಾ, ಚೌಕಟ್ಟಿಗೆ ಹಿಡಿದು ನೋಡುತ್ತಾ ಹೋಗಬೇಕು. ಅಂಚಿನಲ್ಲಿ ಗರಗಸದ ಗುರುತು ಉಳಿದರೆ ಬಿರುಕು ಅಲ್ಲಿಂದಲೇ ಶುರು. ತೂತು ಕೊರೆಯುವ ಬೈರಿಗೆಯ ಮೊನೆಯನ್ನೂ ಬೇಕೆಂದೇ ಮೊಂಡು ಮಾಡುತ್ತಾರೆ. ಲೋಹಕ್ಕೆ ಬಳಸುವ ಚೂಪು ಮೊನೆ ಆಕ್ರಿಲಿಕ್ಕನ್ನು ಕಚ್ಚಿ ಸೀಳಿಬಿಡುತ್ತದೆ.

ನಿಜವಾದ ಜಾಣ್ಮೆ ಇರುವುದು ಸಡಿಲ ಬಿಡುವುದರಲ್ಲಿ. ಗಾಡಿ ಚಕ್ರಕ್ಕೆ ಕಾಯಿಸಿದ ಪಟ್ಟಿ ತೊಡಿಸುವ ಕಮ್ಮಾರ ಬಿಗಿ ಬೇಕೆನ್ನುತ್ತಾನೆ, ಇಲ್ಲಿ ಅದರ ತದ್ವಿರುದ್ಧ. ಬಿಸಿಯಾದಾಗ ಆಕ್ರಿಲಿಕ್ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. 60 ಸೆಂಟಿಮೀಟರ್ ಉದ್ದದ ಕಿಟಕಿ, 40 ಡಿಗ್ರಿ ಏರಿಳಿತ ಎಂದರೆ ಚೌಕಟ್ಟಿಗೂ ಅದಕ್ಕೂ ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ. ಹಾಗಾಗಿ ತೂತುಗಳನ್ನು ಸ್ಕ್ರೂಗಿಂತ ದೊಡ್ಡದಾಗಿ ಕೊರೆದು, ಸ್ಕ್ರೂವನ್ನು ಪೂರಾ ಬಿಗಿದ ಮೇಲೆ ತುಸು ಹಿಂದಕ್ಕೆ ತಿರುಗಿಸುತ್ತಾರೆ. ಕೈಬಲ ತೋರಿಸಲು ಹೋದವನ ಕಿಟಕಿ ಮೊದಲ ಬೇಸಿಗೆಯಲ್ಲೇ ಬಿರಿಯುತ್ತದೆ.

ಅಮೆರಿಕದಲ್ಲಿ ವಿಮಾನದ ಒಡಲಿನ ರಚನೆಯನ್ನೂ ನಿಯಂತ್ರಣಗಳನ್ನೂ ಮುಟ್ಟಬೇಕಾಗಿಲ್ಲದಿದ್ದರೆ ಪಕ್ಕದ ಕಿಟಕಿಯನ್ನು ಪೈಲಟ್ ಪರವಾನಗಿಯುಳ್ಳ ಮಾಲೀಕನೇ ಬದಲಿಸಬಹುದು. ನಮ್ಮ ಹಾರಾಟ ಶಾಲೆಗಳಲ್ಲಿ ಪರವಾನಗಿ ಹೊಂದಿದ ಎಂಜಿನಿಯರ್ ಸಹಿ ಬೀಳದೆ ವಿಮಾನ ಕದಲುವುದಿಲ್ಲ. ಆ ಕಟ್ಟುನಿಟ್ಟು ಇರಲಿ, ಆದರೆ ಹಾರಿಸುವವನು ಒಮ್ಮೆಯಾದರೂ ಪಕ್ಕದಲ್ಲಿ ನಿಂತು ಈ ಕೆಲಸ ನೋಡಬೇಕು ಎನ್ನುವುದು ನನ್ನ ಹಟ.

ಹೊಸ ಕಿಟಕಿಗೆ ಪೆಟ್ರೋಲ್, ಅಸಿಟೋನ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಯಾವುದೂ ತಾಗಕೂಡದು. ಧಾರಾಳ ನೀರು ಸುರಿದು, ಸೌಮ್ಯ ಸೋಪು ಹಚ್ಚಿ, ಬರಿಗೈಯಲ್ಲಿ ತೊಳೆದರೆ ಸಾಕು. ನಿಮ್ಮ ಹೆಲ್ಮೆಟ್ಟಿನ ಮುಂದಿನ ಗಾಜೂ ಪ್ಲಾಸ್ಟಿಕ್ಕೇ. ನಾಳೆ ಅದನ್ನು ಒಣಬಟ್ಟೆಯಲ್ಲಿ ಉಜ್ಜುವ ಮುನ್ನ ಒಂದು ಚೊಂಬು ನೀರು ಹಾಕಿ.